ಝೀರೋ ಒತ್ತಿ ಅಣ್ಣ

ಹೆಗ್ಗನಹಳ್ಳಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಶೆಡ್ಡಿಗೆ ಅಂಟಿಕೊಂಡೇ ಒಂದು ಪವರ್ ಪ್ರೆಸ್ಸಿನ ಶೆಡ್ಡಿತ್ತು. ಅಲ್ಲಿ ದಿನವಿಡೀ ತಗಡಿಗೆ ತೂತು ಹೊಡೆಯುತ್ತಿದ್ದರು. ಒಂದೊಂದು ಏಟಿಗೂ ನಮ್ಮ ಮೇಜಿನ ಮೇಲಿನ ಲೋಟದ ನೀರು ನಡುಗುತ್ತಿತ್ತು. ನಮ್ಮದೋ ಸ್ವಲ್ಪ ಅಲುಗಿದರೂ ಕೆಡುವ ಕೆಲಸ. ಅದಕ್ಕೆ ಪ್ರೆಸ್ಸಿನವರು ಊಟಕ್ಕೆ ಎದ್ದ ಹೊತ್ತಿನಲ್ಲಿ ನಾವು ಅಳತೆ ತೆಗೆದು, ಅವರು ಮತ್ತೆ ಯಂತ್ರ ಹಾಕಿದ ಮೇಲೆ ನಮ್ಮ ಊಟದ ಡಬ್ಬಿ ಬಿಚ್ಚುತ್ತಿದ್ದೆವು.

ನಾವು ಎಂದರೆ ಮೂವರು. ಶೆಡ್ಡಿನ ಮಾಲೀಕರು ದೊಡ್ಡ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ನಮಗೆ ಅವರು ಬರೀ 'ಸಾರ್'. ನಾನು ಡಿಪ್ಲೊಮಾ ಮುಗಿಸಿ ಚಂದ್ರಾ ಲೇಔಟಿನ ಮನೆಯಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದವಳು, ಆಗ ಇಪ್ಪತ್ತಾರು ವರ್ಷ. ಮೂರನೆಯವರನ್ನು ನಾನು ಅಕ್ಕ ಎನ್ನುತ್ತಿದ್ದೆ. ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು, ಏಳನೇ ಕ್ಲಾಸು ಓದಿದವರು, ಶೆಡ್ಡಿನಲ್ಲಿ ನಿಜವಾಗಿ ಕೆಲಸ ಗೊತ್ತಿದ್ದವರು ಅವರೊಬ್ಬರೇ.

ನಾವು ಮಾಡುತ್ತಿದ್ದುದು ಕ್ರಿಸ್ಟಲ್. ಗೋಡೆ ಗಡಿಯಾರದಲ್ಲಿ, ರೇಡಿಯೋದಲ್ಲಿ, ಮೊಬೈಲಿನಲ್ಲಿ, ಎಲ್ಲೆಲ್ಲಿ ಕಾಲ ಎಣಿಸಬೇಕೋ ಅಲ್ಲೆಲ್ಲ ಬೆಣಚುಕಲ್ಲಿನ ಒಂದು ಚೂರು ಇರುತ್ತದೆ. ಕರೆಂಟು ಕೊಟ್ಟರೆ ಅದು ಕಂಪಿಸುತ್ತದೆ. ಸೆಕೆಂಡಿಗೆ ಎಷ್ಟು ಸಲ ಕಂಪಿಸಬೇಕು ಎಂಬುದು ಅದರ ದಪ್ಪಕ್ಕೆ ಕಟ್ಟುಬಿದ್ದದ್ದು. ಆ ಲೆಕ್ಕ ಸುಲಭಕ್ಕೆ ತಪ್ಪುವುದಿಲ್ಲ. ನಮ್ಮಲ್ಲಿಗೆ ಅಂಗಿಯ ಗುಂಡಿಯಷ್ಟಗಲದ ಬಿಲ್ಲೆಗಳು ಬರುತ್ತಿದ್ದವು. ಅಕ್ಕ ಗಾಜಿನ ಹಲಗೆಯ ಮೇಲೆ ಉಜ್ಜುಪುಡಿಯ ಕೆಸರು ಹಾಕಿಕೊಂಡು, ಬೆರಳ ತುದಿಯಲ್ಲಿ ಬಿಲ್ಲೆಯನ್ನು ಒತ್ತಿ ಹಿಡಿದು ಉಜ್ಜಿ ತೆಳ್ಳಗೆ ಮಾಡುತ್ತಿದ್ದರು. ನಾನು ಎಣಿಸುವ ಯಂತ್ರಕ್ಕೆ ಹಾಕಿ ನೋಡಿ "ಇನ್ನೊಂಚೂರು ಅಕ್ಕಾ" ಎನ್ನುತ್ತಿದ್ದೆ. ಜಾಸ್ತಿ ಉಜ್ಜಿಬಿಟ್ಟರೆ ಕಂಪನ ಏರಿ ಬಿಲ್ಲೆ ಕೆಟ್ಟ ಹಾಗೆ. ಆಗ ಅಕ್ಕ ಪೆನ್ಸಿಲಿನಿಂದ ಅದರ ಮೇಲೆ ಒಂದು ಚುಕ್ಕೆ ಇಟ್ಟು, ಆ ಚುಕ್ಕೆಯ ಭಾರಕ್ಕೇ ಕಂಪನ ಇಳಿಯುವಂತೆ ಮಾಡುತ್ತಿದ್ದರು. "ದೃಷ್ಟಿಬೊಟ್ಟು ಕಣೇ, ಇನ್ನು ಸರಿಹೋಗ್ತಾನೆ" ಎನ್ನುತ್ತಿದ್ದರು.

ಅಕ್ಕನ ಗಂಡ ಕರೆಂಟಿನ ಲೈನ್‌ಮನ್. ಕಾಯಂ ಅಲ್ಲ, ಗುತ್ತಿಗೆ. ಹೇರೋಹಳ್ಳಿಯಲ್ಲಿ ಅವರ ಮನೆ. ಮಕ್ಕಳಿರಲಿಲ್ಲ, ಗಂಡನ ವಿಧವೆ ತಂಗಿ ಜೊತೆಗಿದ್ದರು. ಆ ಕಡೆ ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳಲ್ಲೆಲ್ಲ ಮನೆಗಳಾಗಿ, ರಸ್ತೆ ಮಾತ್ರ ಆಗದೆ ಉಳಿದಿತ್ತು. ಮನೆ ಹೆಚ್ಚಿದ ಹಾಗೆ ಕಂಬ ಹೆಚ್ಚಿದವು, ತಂತಿಯ ಮೇಲೆ ತಂತಿ ಬಂತು. ಅಣ್ಣನಿಗೆ, ನಾನು ಅವರನ್ನು ಹಾಗೆ ಕರೆಯುತ್ತಿದ್ದೆ, ಬಿಡುವೇ ಇರುತ್ತಿರಲಿಲ್ಲ. ಕೆಲವು ಸಂಜೆ ಅಕ್ಕನನ್ನು ಕರೆದೊಯ್ಯಲು ಬೈಕಿನಲ್ಲಿ ಬಂದು ಗೇಟಿನ ಹೊರಗೇ ನಿಲ್ಲುತ್ತಿದ್ದರು. ಒಳಗೆ ಬನ್ನಿ ಎಂದರೆ "ಕಾಲೆಲ್ಲ ಮಣ್ಣಾಗಿದೆ ತಾಯಿ, ನಿಮ್ಮದು ಕ್ಲೀನಾಗಿರಬೇಕಾದ ಜಾಗ" ಎನ್ನುತ್ತಿದ್ದರು.

ಕರೆಂಟು ನೋಡುವ ಕೋಲಿನ ವಿಷಯ ಶುರುವಾದದ್ದು ಅಕ್ಕನ ಒಂದು ಮಾತಿನಿಂದ. ಒಂದು ದಿನ ಊಟಕ್ಕೆ ಕೂತಾಗ ಅವರು ಸಾರ್‌ಗೆ ಹೇಳಿದರು: "ಸಾರ್, ನಮ್ಮನೆಯವರು ಕಂಬ ಹತ್ತಿದ ಮೇಲೆ ಬಲ್ಬಿಗೆ ಎರಡು ವೈರು ಕಟ್ಕೊಂಡು ತಂತಿಗೆ ತಾಗಿಸಿ ನೋಡ್ತಾರೆ. ಹತ್ತಿದ್ರೆ ಕರೆಂಟಿದೆ ಅಂತ. ಬಿಸಿಲಲ್ಲಿ ಅದು ಹತ್ತಿದ್ಯೋ ಇಲ್ವೋ ಕಾಣಲ್ವಂತೆ. ಮಂದವಾಗಿ ಹತ್ತಿದ್ರಂತೂ ಇಲ್ಲವೇ ಇಲ್ಲ. ಮೊನ್ನೆ ಒಬ್ಬರಿಗೆ ಹಾಗೇ ಹೊಡೀತಂತೆ. ನೀವು ಇಷ್ಟೆಲ್ಲ ಓದಿದೀರಿ, ಏನಾದ್ರೂ ಮಾಡೋಕಾಗಲ್ವಾ?"

ಸಾರ್ ಕೈ ತೊಳೆಯಲು ಎದ್ದವರು ಹಾಗೇ ನಿಂತರು. ಅವರ ಮುಖ ನನಗೆ ಈಗಲೂ ನೆನಪಿದೆ. ಬಹಳ ವರ್ಷದಿಂದ ಯಾರೂ ಅವರನ್ನು ಏನನ್ನೂ ಕೇಳಿರಲಿಲ್ಲ ಎನ್ನಿಸುವಂಥ ಮುಖ.

ಅವರು ಹೇಳಿದ್ದು ಇಷ್ಟು. ನಾವು ಗಡಿಯಾರಕ್ಕೆ ಮಾಡುವ ಬಿಲ್ಲೆಯನ್ನೇ ಬೇರೊಂದು ಕೋನದಲ್ಲಿ ಕತ್ತರಿಸಿದರೆ, ಅದರ ಮೇಲೆ ವೋಲ್ಟೇಜು ಬಿದ್ದಾಗ ಕಂಪನದ ಲೆಕ್ಕ ಒಂದಿಷ್ಟು ಸರಿಯುತ್ತದೆ. ಎಷ್ಟು ಸರಿಯಿತು ಎಂದು ಎಣಿಸಿದರೆ ವೋಲ್ಟೇಜು ಎಷ್ಟೆಂದು ತಿಳಿಯುತ್ತದೆ. ಮಡಿಸಿಡಬಹುದಾದ ಒಂದು ಕೋಲಿನ ತುದಿಗೆ ತಾಮ್ರದ ತಗಡು. ಅದು ತಂತಿಯನ್ನು ಮುಟ್ಟದೆ, ಮೊಳದ ದೂರದಿಂದಲೇ ಅದರ ಪ್ರಭಾವವನ್ನು ಹಿಡಿಯುತ್ತದೆ. ಅದನ್ನು ಒಂದೇ ದಿಕ್ಕಿನ ವೋಲ್ಟೇಜು ಮಾಡಿ ಬಿಲ್ಲೆಗೆ ಕೊಡುವುದು. ಹಿಡಿಯ ಹತ್ತಿರ ಅಂಕಿ ಮೂಡುತ್ತದೆ. ಬಿಸಿಲಿದ್ದರೂ ಓದಬಹುದು.

ಒಂದೂವರೆ ವರ್ಷ ಅದೇ ಆಯಿತು. ದೊಡ್ಡ ತೊಂದರೆ ಎಂದರೆ ಶಾಖ. ಬಿಲ್ಲೆ ಬೆಚ್ಚಗಾದರೂ ಕಂಪನ ಸರಿಯುತ್ತದೆ; ಸರಿದದ್ದು ವೋಲ್ಟೇಜಿಗೋ ಬಿಸಿಲಿಗೋ ಎಂದು ಕೋಲಿಗೆ ಹೇಗೆ ಗೊತ್ತಾಗಬೇಕು? ಸಾರ್ ಅದಕ್ಕೆ ಜೋಡಿ ಬಿಲ್ಲೆ ಹಾಕಿದರು. ಒಂದಕ್ಕೆ ವೋಲ್ಟೇಜು ತಾಗುತ್ತದೆ, ಇನ್ನೊಂದಕ್ಕೆ ಇಲ್ಲ. ಶಾಖ ಎರಡಕ್ಕೂ ಒಂದೇ. ಎರಡರ ವ್ಯತ್ಯಾಸ ತೆಗೆದರೆ ಉಳಿಯುವುದು ವೋಲ್ಟೇಜು ಮಾತ್ರ. ಆ ಜೋಡಿಗಳನ್ನು ಅವಳಿ ಮಕ್ಕಳ ಹಾಗೆ ಹೊಂದಿಸಿಕೊಟ್ಟದ್ದು ಅಕ್ಕನ ಬೆರಳು. "ನಮ್ಮನೆಯವರ ಕೈಗೆ ಹೋಗೋದು" ಎಂದು ಅವರು ಒಂದೊಂದು ಜೋಡಿಗೂ ಇಡೀ ದಿನ ಕೂರುತ್ತಿದ್ದರು.

ಶೆಡ್ಡಿನೊಳಗೆ ಕೋಲು ಚೆನ್ನಾಗಿಯೇ ನಡೆಯಿತು. ಆದರೆ ತಾರಸಿಗೆ ತೆಗೆದುಕೊಂಡು ಹೋಗಿ ಬಿಸಿಲಿಗೆ ಹಿಡಿದರೆ, ಬಿಸಿಲು ಬಿದ್ದ ಕಡೆಯ ಬಿಲ್ಲೆ ಬೇಗ ಕಾಯುತ್ತಿತ್ತು, ನೆರಳಿನ ಕಡೆಯದು ತಡವಾಗಿ ಕಾಯುತ್ತಿತ್ತು. ಸುತ್ತ ಒಂದು ತಂತಿಯೂ ಇಲ್ಲದಿದ್ದರೂ ಅಂಕಿ ನೂರು, ನೂರೈವತ್ತು ಎಂದು ಏರುತ್ತಿತ್ತು. ಒಮ್ಮೆ ಇನ್ನೂರರವರೆಗೂ ಹೋಯಿತು. ಸಾರ್ ತಲೆ ಕೆಡಿಸಿಕೊಂಡರು. ಬಿಲ್ಲೆಗಳಿರುವ ಪೆಟ್ಟಿಗೆಯನ್ನೇ ಬದಲಾಯಿಸಬೇಕು, ಇನ್ನಾರು ತಿಂಗಳು ಎಂದರು.

ಆಗ ನಾನು ಹೇಳಿದೆ: "ಸಾರ್, ತರಕಾರಿ ಅಂಗಡಿ ತಕ್ಕಡೀಲಿ ಇರುತ್ತಲ್ಲ, ಬುಟ್ಟಿ ಇಟ್ಟು ಝೀರೋ ಒತ್ತಿದ್ರೆ ಬುಟ್ಟಿ ತೂಕ ಹೋಗ್ಬಿಡುತ್ತೆ. ಹಾಗೇ ಒಂದು ಬಟನ್ ಕೊಡೋಣ. ಬಿಸಿಲಿಗೆ ಏನು ಬಂದಿದ್ಯೋ ಅದನ್ನ ಝೀರೋ ಮಾಡ್ಕೊಂಡು ಆಮೇಲೆ ತಂತಿ ಹತ್ರ ಹಿಡಿಯೋದು."

ಸಾರ್ ನನ್ನನ್ನು ನೋಡಿ ನಕ್ಕರು. "ಇಷ್ಟು ಸುಲಭದ್ದು ನಂಗೆ ಹೊಳೀಲಿಲ್ವಲ್ಲ!" ಎಂದರು. ಆ ದಿನ ನನಗೆ ಆದ ಹೆಮ್ಮೆಯನ್ನು ಬಚ್ಚಿಡುವುದಿಲ್ಲ. ಮನೆಗೆ ಹೋಗಿ ಅಮ್ಮನಿಗೂ ಹೇಳಿದೆ. ಎರಡೇ ದಿನದಲ್ಲಿ ಗುಂಡಿ ಕೂಡಿಸಿದೆ. ಆ ಗುಂಡಿಯನ್ನು ಎಲ್ಲಿ ನಿಂತು ಒತ್ತಬೇಕು, ಎಲ್ಲಿ ಒತ್ತಲೇಬಾರದು ಎಂದು ನಾವು ಯೋಚಿಸಲಿಲ್ಲ. ಅಥವಾ ಯೋಚಿಸಿದ್ದೆವು, ಅದು ಯಾರಿಗಾದರೂ ಗೊತ್ತಾಗುವಂಥದ್ದೇ ಎಂದುಕೊಂಡಿದ್ದೆವು. ಯಾವುದು ನಿಜ ಎಂದು ಇಷ್ಟು ವರ್ಷ ಕೇಳಿಕೊಂಡರೂ ನನಗೆ ತಿಳಿದಿಲ್ಲ.

ಅಣ್ಣ ಅದನ್ನು ನಾಲ್ಕು ಸಲ ಕಂಬದ ಮೇಲೆ ಹಿಡಿದು ನೋಡಿದರು. ಯಾರ ಅನುಮತಿಯೂ ಇರಲಿಲ್ಲ. ಅಕ್ಕನ ಮೇಲಿನ ವಿಶ್ವಾಸಕ್ಕೆ ಮಾಡುತ್ತಿದ್ದರು. ನಾನು ಕೆಳಗೆ ನಿಂತು ನೋಟ್‌ಬುಕ್ಕಿನಲ್ಲಿ ಅಂಕಿ ಬರೆದುಕೊಳ್ಳುತ್ತಿದ್ದೆ. ನಾಲ್ಕು ಸಲವೂ ಅವರು ಕೋಲು ಹಿಡಿದ ಮೇಲೆ ಬಲ್ಬನ್ನೂ ತಾಗಿಸಿ ನೋಡಿದರು, ನಾಲ್ಕು ಸಲವೂ ಎರಡೂ ಒಂದೇ ಹೇಳಿದವು. ನಾಲ್ಕನೆಯ ಸಲ ಕೆಳಗಿಳಿದು "ಇನ್ನು ಬಲ್ಬಿಗೆ ರಿಟೈರ್‌ಮೆಂಟು" ಎಂದು ನಕ್ಕರು.

ಐದನೆಯದು ಮಾರ್ಚಿ ತಿಂಗಳ ಒಂದು ಬೆಳಿಗ್ಗೆ, ಹನ್ನೊಂದೂವರೆ ಇರಬೇಕು. ಹೇರೋಹಳ್ಳಿಯ ಒಳಗಿನ ಒಂದು ಅಡ್ಡರಸ್ತೆ. ಎರಡೂ ಕಡೆ ಅರ್ಧ ಕಟ್ಟಿದ ಮನೆಗಳು, ಜಲ್ಲಿಯ ಗುಡ್ಡೆ, ಒಂದೂ ಮರವಿಲ್ಲ. ಕಂಬದ ಮೇಲೆ ಸುಟ್ಟುಹೋದ ಒಂದು ಜೋಡುತಂತಿಯನ್ನು ಬದಲಾಯಿಸಬೇಕಿತ್ತು. ಜೊತೆಯವರೊಬ್ಬರು ಮುಂದಿನ ರಸ್ತೆಯ ಟ್ರಾನ್ಸ್‌ಫಾರ್ಮರಿನ ಫ್ಯೂಸು ಎಳೆದು, "ತೆಗ್ದಿದೀನಿ, ಹತ್ತು" ಎಂದು ಫೋನು ಮಾಡಿ ಅಲ್ಲೇ ಕಾವಲು ನಿಂತರು. ಅಣ್ಣ ಏಣಿ ಹತ್ತಿದರು. ಸಾರ್ ಬಂದಿರಲಿಲ್ಲ. ಅಕ್ಕ ಶೆಡ್ಡಿನಲ್ಲಿದ್ದರು. ರಸ್ತೆಯಲ್ಲಿ ನಾನೊಬ್ಬಳೇ, ದುಪಟ್ಟಾ ತಲೆಗೆ ಹಾಕಿಕೊಂಡು ಮೇಲೆ ನೋಡುತ್ತಿದ್ದೆ.

ಅವರು ತಂತಿಯಿಂದ ಮೊಳ ದೂರಕ್ಕೆ ಕೋಲು ಚಾಚಿದರು. ಹಿಡಿಯ ಹತ್ತಿರದ ಅಂಕಿಯನ್ನು ನೋಡಿ, "ಕುಣೀತಾ ಇದೆ ಕಣಮ್ಮ" ಎಂದರು.

"ಎಷ್ಟು ತೋರಿಸ್ತಿದೆ ಅಣ್ಣ?"

"ನೂರ ತೊಂಬತ್ತು... ಇನ್ನೂರು... ಇನ್ನೂರ ಹತ್ತು. ನಿಲ್ತಾನೇ ಇಲ್ಲ."

ಹಿಂದೆ ತಾರಸಿಯ ಮೇಲೆ ನಾನೇ ನೋಡಿದ್ದೆನಲ್ಲ, ಬಿಸಿಲಿಗೇ ಇನ್ನೂರು. ಲೈನು ತೆಗೆದಾಗಿದೆ, ಫೋನೂ ಬಂದಿದೆ. ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ.

"ಬಿಸಿಲಿಗೆ ಅಣ್ಣ ಅದು! ಝೀರೋ ಒತ್ತಿ ಅಣ್ಣ!"

ಅವರು ಕೆಳಗೆ ನನ್ನನ್ನು ನೋಡಿದರು. "ಇಲ್ಲೇನಾ?"

"ಹೂಂ ಅಣ್ಣ, ಅಲ್ಲೇ ಒತ್ತಿ!"

ಒತ್ತಿದರು. "ಹಾಂ, ಸೊನ್ನೆ ಬಂತು" ಎಂದರು. ಕೋಲನ್ನು ಏಣಿಗೆ ಸಿಕ್ಕಿಸಿ, ಬೆವರಿಗೆ ಜಾರುತ್ತಿದ್ದ ಕೈಗವಸು ತೆಗೆದು ಜೇಬಿಗೆ ತುರುಕಿ, ಕಟಿಂಗ್ ಪ್ಲೇಯರ್ ಹಿಡಿದು ಕೈ ಚಾಚಿದರು.

ಆ ತಂತಿಗೆ ಆ ಟ್ರಾನ್ಸ್‌ಫಾರ್ಮರಿನಿಂದ ಮಾತ್ರ ಕರೆಂಟು ಬರುತ್ತಿರಲಿಲ್ಲ. ಹೊಸ ಮನೆಗಳು ಬಂದಾಗ ಯಾರೋ ಪಕ್ಕದ ಇನ್ನೊಂದರಿಂದ ಅದಕ್ಕೆ ಕೊಂಡಿ ಹಾಕಿದ್ದರು. ಯಾವ ನಕ್ಷೆಯಲ್ಲೂ ಅದು ಇರಲಿಲ್ಲ. ಕೋಲು ಸುಳ್ಳು ಹೇಳಿರಲಿಲ್ಲ. ಇನ್ನೂರ ಹತ್ತು ಎಂದು ಅದು ಹೇಳುತ್ತಲೇ ಇತ್ತು. ಅದನ್ನೇ ಸೊನ್ನೆ ಎಂದುಕೋ ಎಂದು ನಾನು ಹೇಳಿಕೊಟ್ಟಿದ್ದೆ.

ಶಬ್ದ ದೊಡ್ಡದೇನೂ ಇರಲಿಲ್ಲ. ಅವರ ಮೈ ಒಮ್ಮೆ ಬಿಗಿಯಾಯಿತು, ಆಮೇಲೆ ಏಣಿಯಿಂದ ಕಳಚಿ ಹಿಮ್ಮುಖವಾಗಿ ಚರಂಡಿಯ ಚಪ್ಪಡಿಯ ಮೇಲೆ ಬಿದ್ದರು. ಏಣಿಯೂ ಜಾರಿ ಕೋಲು ನನ್ನ ಕಾಲ ಬುಡಕ್ಕೆ ಬಂದು ಬಿತ್ತು. ನಾನು ಕಿರುಚಿದೆ. ಕಟ್ಟಡದ ಕೆಲಸದವರು ಓಡಿಬಂದರು. ಅವರು ಬಂದು ತಲುಪುವಷ್ಟರಲ್ಲಿ ನಾನು ಮಾಡಿದ ಕೆಲಸವನ್ನು ಹೇಳಿಯೇ ಮುಂದೆ ಹೋಗಬೇಕು. ಯಾರೂ ಹೇಳದೆ, ಯೋಚನೆಯನ್ನೂ ಮಾಡದೆ, ಬಗ್ಗಿ ಕೋಲನ್ನು ಎತ್ತಿ, ಮೂರು ಮಡಿಕೆ ಮಡಿಸಿ ನನ್ನ ಬ್ಯಾಗಿನೊಳಗೆ ಹಾಕಿದೆ. ಅದಾದ ಮೇಲೆ ಅವರ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡೆ.

ಆಸ್ಪತ್ರೆಯಿಂದ ಸಾರ್‌ಗೆ ಫೋನು ಮಾಡಿದಾಗ ಅವರು ಮೊದಲು ಕೇಳಿದ್ದು "ಬದುಕಿದಾರಾ?" ಎಂದೇ. ಎರಡನೆಯದು "ಕೋಲೆಲ್ಲಿ?"

"ನನ್ ಹತ್ರ ಇದೆ ಸಾರ್."

"ಅದು ಅಲ್ಲಿರಲಿಲ್ಲ ಅನ್ಕೋಮ್ಮ" ಎಂದರು. ಅವರ ದನಿ ಅಳುವವರ ದನಿಯ ಹಾಗಿತ್ತು.

ಅಣ್ಣನ ಬಲಗೈಯ ಮೂರು ಬೆರಳು ತೆಗೆದರು. ಬೆನ್ನುಮೂಳೆ ಮುರಿದು ಸೊಂಟದ ಕೆಳಗೆ ಸ್ಪರ್ಶ ಹೋಯಿತು. ಮತ್ತೆ ನಡೆಯುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಅಕ್ಕ ಅವರ ಬಾಯನ್ನೇ ನೋಡುತ್ತಾ, "ಎಷ್ಟು ದಿನ ನಡೆಯಲ್ಲ?" ಎಂದು ಕೇಳಿದರು.

ವಿಚಾರಣೆಗೆ ನನ್ನನ್ನೂ ಕರೆದರು, ಅಲ್ಲಿದ್ದವಳು ನಾನೊಬ್ಬಳೇ ಆದ್ದರಿಂದ. ಕರೆಂಟಿನ ಕಚೇರಿಯ ಒಂದು ಕೋಣೆ, ಇಬ್ಬರು ಅಧಿಕಾರಿಗಳು. ನೀವು ಅಲ್ಲಿ ಯಾಕಿದ್ದಿರಿ ಎಂದರು. "ಅವರ ಹೆಂಡತಿ ಊಟದ ಡಬ್ಬಿ ಕೊಟ್ಟು ಕಳಿಸಿದ್ರು ಸಾರ್" ಎಂದೆ. ಬರೆದುಕೊಂಡರು. ಸಹಿ ಹಾಕಿದೆ. ಕೊನೆಗೆ ಬಂದ ತೀರ್ಮಾನ: ಬಲ್ಬು ತಾಗಿಸಿ ಪರೀಕ್ಷಿಸಿಲ್ಲ, ಕೈಗವಸು ಹಾಕಿಲ್ಲ, ತಂತಿಯನ್ನು ನೆಲಕ್ಕೆ ಕಟ್ಟಿ ಅರ್ಥಿಂಗ್ ಮಾಡಿಲ್ಲ; ಕೆಲಸಗಾರನ ನಿರ್ಲಕ್ಷ್ಯವೇ ಕಾರಣ. ಅದರಲ್ಲಿ ಒಂದೊಂದು ಮಾತೂ ಸತ್ಯವೇ ಆಗಿತ್ತು. ಕಾಗದ ಅಕ್ಕನ ಕೈಗೂ ಬಂತು; ಅವತ್ತು ಕೋಲು ಏನು ತೋರಿಸಿತ್ತೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ತಿಂಗಳಾದ ಮೇಲೆ ಅಕ್ಕ ಕೆಲಸಕ್ಕೆ ವಾಪಸು ಬಂದರು. ಮನೆ ನಡೆಯಬೇಕಿತ್ತು. ಹಗಲು ಅಣ್ಣನನ್ನು ನೋಡಿಕೊಳ್ಳಲು ನಾದಿನಿ ಇದ್ದರು. ಅಕ್ಕ ನನ್ನ ಎದುರಿಗೇ ಕೂತು ಗಡಿಯಾರದ ಬಿಲ್ಲೆ ಉಜ್ಜುತ್ತಿದ್ದರು. ನಾನು "ಇನ್ನೊಂಚೂರು ಅಕ್ಕಾ" ಎನ್ನುತ್ತಿದ್ದೆ. ಊಟಕ್ಕೆ ಕೂತಾಗ ಅವರ ಡಬ್ಬಿಯ ಹುರುಳಿಕಾಳಿನ ಪಲ್ಯವನ್ನು ನನ್ನ ತಟ್ಟೆಗೆ ಹಾಕುತ್ತಿದ್ದರು. "ನೀನೊಬ್ಳು ಅಲ್ಲಿದ್ದಿದ್ದಕ್ಕೆ ಪ್ರಾಣವಾದ್ರೂ ಉಳೀತು ಕಣೇ" ಎಂದು ಒಂದು ದಿನ ಅಂದರು. ನಾನು ತಿಂದೆ. ಹಾಗೆ ಎಂಟು ತಿಂಗಳು.

ಕೋಲಿನ ಮಾತನ್ನು ಸಾರ್ ಆಮೇಲೆ ಎತ್ತಲಿಲ್ಲ. ಅದನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ನಾನೇ ಕೀಲಿ ಕೇಳಿ ಪಡೆದು, ಸಂಜೆ ಒಂದೊಂದು ತಾಸು ಕೂತು ಅದಕ್ಕೆ ಒಂದು ಲೋಹದ ಮುಚ್ಚಳ ಮಾಡಿದೆ. ತುದಿಯ ತಗಡಿನ ಮೇಲೆ ಮುಚ್ಚಳ ಕೂತಿದ್ದರೆ ಹೊರಗಿನ ತಂತಿಯ ಪ್ರಭಾವ ಒಳಗೆ ಬರುವುದಿಲ್ಲ. ಆಗ ತೋರಿಸುವುದು ಶಾಖದ್ದು ಮಾತ್ರ. ಮುಚ್ಚಳ ಕೂತಿದ್ದರಷ್ಟೇ ಝೀರೋ ಗುಂಡಿ ಕೆಲಸ ಮಾಡಬೇಕು, ಇಲ್ಲದಿದ್ದರೆ ಒತ್ತಿದರೂ ಕೇಳಬಾರದು. ಮೂರು ವಾರದ ಕೆಲಸ, ಅಷ್ಟೇ. ಮೊದಲೇ ಮಾಡಬಹುದಾಗಿದ್ದ ಮೂರು ವಾರ. ಸಾರ್‌ಗೆ ತೋರಿಸಿದೆ. ಅವರು ಕೈಯಲ್ಲಿ ಹಿಡಿದು ನೋಡಿ, "ಸರಿಯಾಗಿದೆ. ಆದ್ರೆ ಇದರ ಮಾತು ಬೇಡಮ್ಮ" ಎಂದು ವಾಪಸು ಕೊಟ್ಟರು.

ಒಂದು ಭಾನುವಾರ ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಹೇರೋಹಳ್ಳಿಗೆ ಹೋದೆ. ಆಗಾಗ ಹೋಗುತ್ತಿದ್ದೆ, ಹಣ್ಣು ಕೊಟ್ಟು, ಆಚೆ ಈಚೆ ನೋಡಿ ಬಂದುಬಿಡುತ್ತಿದ್ದೆ. ಆವತ್ತು ಅಕ್ಕ ಮತ್ತು ನಾದಿನಿ ರೇಷನ್ ಅಂಗಡಿಯ ಸಾಲಿಗೆ ಹೋಗಿದ್ದರು. ಅಣ್ಣ ಕಿಟಕಿಯ ಹತ್ತಿರದ ಮಂಚದಲ್ಲಿದ್ದರು. ಮೈ ಅರ್ಧ ಆಗಿತ್ತು. ಬೆನ್ನಿನ ಹುಣ್ಣಿಗೆ ಹಚ್ಚಿದ ಮುಲಾಮಿನ ವಾಸನೆ ಕೋಣೆಯ ತುಂಬ ಇತ್ತು. ಟೇಬಲ್ ಫ್ಯಾನು ತಿರುಗುತ್ತಿತ್ತು.

ನಾನು ನಿಂತುಕೊಂಡೇ ಹೇಳಿದೆ. "ಅಣ್ಣ, ಅವತ್ತು ಝೀರೋ ಒತ್ತಿ ಅಂದೋಳು ನಾನು. ಅಲ್ಲಿ ಒತ್ತಬಾರದಾಗಿತ್ತು. ತಂತಿ ಹತ್ರ ಒತ್ತಿದ್ರೆ ಇರೋ ಕರೆಂಟನ್ನೇ ಅದು ಸೊನ್ನೆ ಮಾಡ್ಕೊಳುತ್ತೆ. ನಿಮ್ಮ ತಪ್ಪಲ್ಲ ಅದು. ನಂದು."

ಅವರು ಫ್ಯಾನಿನ ಕಡೆ ನೋಡುತ್ತಿದ್ದರು. "ಗೊತ್ತು ತಾಯಿ" ಎಂದರು.

"ಗೊತ್ತಾ?"

"ಇಲ್ಲೇನಾ ಅಂತ ಕೇಳಿದ್ನಲ್ಲ ನಾನು. ನೀನು ಹೂಂ ಅಂದೆ. ಮಲಗಿದ ಕಡೆ ಬೇರೇನಿದೆ ಯೋಚ್ನೆ ಮಾಡೋಕೆ? ಎರಡು ತಿಂಗಳು ಅದೇ ಯೋಚ್ನೆ ಮಾಡ್ದೆ. ಸೊನ್ನೆ ಅಂದ್ರೆ ಏನು, ಯಾವುದ್ರಿಂದ ಸೊನ್ನೆ ಅಂತ. ಆಮೇಲೆ ಹೊಳೀತು."

"ಮತ್ತೆ ಯಾಕಣ್ಣ ಯಾರಿಗೂ ಹೇಳಿಲ್ಲ?"

"ನಿಮ್ಮಕ್ಕಂಗೆ ಹೇಳಿದ್ರೆ ಅವಳು ಆ ಶೆಡ್ಡಿಗೆ ಕಾಲಿಡ್ತಾಳಾ? ಈ ವಯಸ್ಸಲ್ಲಿ ಅವಳಿಗೆ ಇನ್ನೆಲ್ಲಿ ಕೆಲಸ ಕೊಡ್ತಾರೆ? ಅವಳಿಗೆ ಗೊತ್ತಿರೋದು ಅದೊಂದೇ." ನನ್ನ ಕಡೆ ತಿರುಗಿ, "ನೀನೂ ಹೇಳ್ಬೇಡ. ನಾನಿರೋವರೆಗೆ ಹೇಳ್ಬೇಡ" ಎಂದರು.

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ನನ್ನ ಅಳು ಮುಗಿಯುವುದನ್ನು ಕಾದು, "ಬ್ಯಾಗಲ್ಲಿ ಏನದು?" ಎಂದು ಕೇಳಿದರು.

ಕೋಲನ್ನು ತೆಗೆದು ಎಡಗೈಗೆ ಕೊಟ್ಟೆ. ಮುಚ್ಚಳದ ಕೆಲಸ ಹೇಳಿದೆ. ಅವರು ಫ್ಯಾನಿನ ವೈರಿನ ಹತ್ತಿರ ಹಿಡಿದು ನೋಡಿದರು, ಅಂಕಿ ಬಂತು. ಅಲ್ಲೇ ಗುಂಡಿ ಒತ್ತಿದರು, ಅಂಕಿ ಕದಲಲಿಲ್ಲ. ಮತ್ತೆ ಒತ್ತಿದರು. ಮತ್ತೆ. ಐದಾರು ಸಲ ಒತ್ತಿದರು. ನಾನು ತಲೆಯೆತ್ತಿ ಅವರ ಮುಖ ನೋಡಲಾರದೆ ಹೋದೆ. ಕೊನೆಗೆ ಮುಚ್ಚಳವನ್ನು ಹಾಕಿ ತೆಗೆದು ನೋಡಿ, "ಇದು ಬಿದ್ದೋಗುತ್ತೆ ಕಣಮ್ಮ, ಕಂಬದ ಮೇಲೆ ಎರಡು ಕೈಯೂ ಕೆಲಸದಲ್ಲಿರುತ್ತೆ. ಬಿದ್ರೆ ಯಾರು ಇಳಿದು ಎತ್ಕೋತಾರೆ? ಮುಚ್ಚಳ ಇಲ್ದೇನೇ ಕೆಲಸ ಮಾಡ್ತಾರೆ. ಒಂದು ದಾರ ಕಟ್ಟು" ಎಂದರು.

ದಾರ ಕಟ್ಟಿದೆ. ಆದರೆ ಆ ಕೋಲು ಮತ್ತೆ ಯಾವ ಕಂಬವನ್ನೂ ಹತ್ತಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅವರ ಬೆನ್ನಿನ ಹುಣ್ಣು ರಕ್ತಕ್ಕೆ ನಂಜೇರಿಸಿತು. ನಾಲ್ಕು ದಿನ ಜ್ವರದಲ್ಲಿದ್ದು ಐದನೆಯ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಹನ್ನೊಂದನೆಯ ದಿನದ ಕೆಲಸಕ್ಕೆ ನಾನೂ ಸಾರ್ ಕೂಡ ಹೋಗಿದ್ದೆವು. ಸಾರ್ ಅರ್ಧ ಗಂಟೆ ಕೈಕಟ್ಟಿ ಕೂತಿದ್ದು, ಊಟ ಮಾಡದೆ ಎದ್ದು ಹೋದರು. ನಾನು ಎಲ್ಲರೂ ಹೋಗುವವರೆಗೂ ಪಾತ್ರೆ ತೊಳೆಯುತ್ತಾ ಉಳಿದೆ. ಹಿತ್ತಲಲ್ಲಿ ಅಕ್ಕ ಒಬ್ಬರೇ ಸಿಕ್ಕಿದಾಗ ಎಲ್ಲವನ್ನೂ ಹೇಳಿದೆ. ಗುಂಡಿ, ನಾನು ಕೂಗಿದ್ದು, ಬ್ಯಾಗಿಗೆ ಹಾಕಿಕೊಂಡದ್ದು, ಡಬ್ಬಿಯ ಸುಳ್ಳು. ಅಣ್ಣನಿಗೆ ಗೊತ್ತಿತ್ತು ಎಂಬುದನ್ನೂ ಹೇಳಿದೆ.

ಅಕ್ಕ ಕೈಯಲ್ಲಿದ್ದ ಚೊಂಬನ್ನು ಕಟ್ಟೆಯ ಮೇಲಿಟ್ಟರು.

"ಇಬ್ಬರೂ ಸೇರ್ಕೊಂಡು ನನ್ನೊಬ್ಬಳನ್ನ ಹೊರಗಿಟ್ರಿ" ಎಂದರು.

"ಅಕ್ಕಾ, ಅವರೇ ಹೇಳ್ಬೇಡ ಅಂದ್ರು..."

"ಅವರು ಅಂದಿದ್ದು ಎಂಟು ತಿಂಗಳಾದ್ಮೇಲೆ. ಅದಕ್ಕೆ ಮುಂಚೆ? ಆಸ್ಪತ್ರೇಲೇ ಹೇಳಿದ್ರೆ ನಿನ್ನ ಕೆನ್ನೆಗೆ ಎರಡು ಬಾರಿಸ್ತಿದ್ದೆ. ಮುಗಿದುಹೋಗ್ತಿತ್ತು. ಈಗ ಯಾರ ಮೇಲೆ ಕೋಪ ಮಾಡ್ಕೊಳ್ಳಲಿ? ನೀನು ಒಳ್ಳೇದಕ್ಕೇ ಮಾಡಿದ್ದೆ. ಸಾರೂ ಒಳ್ಳೇದಕ್ಕೇ ಮಾಡಿದ್ರು. ಕೇಳಿದ್ದೂ ನಾನೇ. ಬಿಲ್ಲೆ ಉಜ್ಜಿಕೊಟ್ಟಿದ್ದೂ ನಾನೇ."

ಅವರು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರು ತಂದರು. ಅದರೊಳಗಿಂದ ವಿಚಾರಣೆಯ ಕಾಗದ ತೆಗೆದು, ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇಲ್ಲಿ ನಿರ್ಲಕ್ಷ್ಯ ಅಂತ ಬರೆದಿದಾರೆ. ಇಪ್ಪತ್ತಾರು ವರ್ಷ ಕಂಬ ಹತ್ತಿದೋರು ಅವರು. ನೆಂಟರೆಲ್ಲ ಓದಿದಾರೆ ಇದನ್ನ. ನನ್ ತಮ್ಮ ಮುಖದ ಮೇಲೇ ಹೇಳ್ದ, ಭಾವ ಸ್ವಲ್ಪ ನೋಡ್ಕೊಂಡು ಮಾಡ್ಬೇಕಿತ್ತು ಅಂತ. ಇದನ್ನ ತೆಗೆಸು. ನಂಗೆ ಬೇರೇನೂ ಬೇಡ."

ನಾನು ಎಲ್ಲವನ್ನೂ ಬರೆದೆ. ಮೂರು ಪುಟವಾಯಿತು. ಮೊದಲು ಸಾರ್‌ಗೆ ತೋರಿಸಿದೆ. ಅವರು ಎರಡು ಸಲ ಓದಿ, "ನನ್ನ ಮೇಲೂ ಬರುತ್ತಲ್ಲಮ್ಮ ಇದು" ಎಂದರು. "ಹೌದು ಸಾರ್" ಎಂದೆ. ತಡೆಯಲಿಲ್ಲ, ಒಪ್ಪಲೂ ಇಲ್ಲ. ಮಾರನೆಯ ದಿನದಿಂದ ನಾನು ಕೆಲಸಕ್ಕೆ ಹೋಗಲಿಲ್ಲ.

ಅಕ್ಕನೂ ನಾನೂ ಕಚೇರಿಗೆ ಹೋದೆವು. ಬೆಂಚಿನ ಮೇಲೆ ಬೆಳಿಗ್ಗೆಯಿಂದ ಕೂತೆವು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ವಿಚಾರಣೆ ಮಾಡಿದ್ದ ಇಬ್ಬರಲ್ಲಿ ಒಬ್ಬರು ವರ್ಗವಾಗಿದ್ದರು, ಇನ್ನೊಬ್ಬರು ನಿವೃತ್ತರಾಗಿದ್ದರು. ಹೊಸ ಅಧಿಕಾರಿ ಮೂರೂ ಪುಟವನ್ನು ಓದಿದರು. ಒಳ್ಳೆಯವರಂತೆಯೇ ಕಂಡರು. "ಮೇಡಂ, ಕೇಸು ಕ್ಲೋಸ್ ಆಗಿದೆ, ಫೈಲು ಮೇಲಕ್ಕೆ ಹೋಗಿದೆ" ಎಂದರು. "ಅಲ್ಲಿರೋ ಪದ ತೆಗೆಯೋ ಅಧಿಕಾರ ನನಗಿಲ್ಲ. ಬೇಕಿದ್ರೆ ಇದನ್ನ ತಗೊಂಡು ಕಳಿಸಿಕೊಡ್ತೀನಿ."

"ಕಳಿಸಿದ್ರೆ ತೆಗೀತಾರಾ?" ಅಕ್ಕ ಕೇಳಿದರು.

ಅವರು ನನ್ನ ಕಡೆ ತಿರುಗಿದರು. "ನೀವು ಆಗ ಸುಳ್ಳು ಹೇಳಿಕೆ ಕೊಟ್ಟಿದ್ರಿ ಅಂತ ಇದರಲ್ಲೇ ಇದೆ. ಅದರಿಂದ ನಿಮಗೇ ತೊಂದರೆ ಆಗಬಹುದು. ಯೋಚನೆ ಮಾಡಿದೀರಾ?"

"ಮಾಡಿದೀನಿ ಸಾರ್. ತಗೊಳ್ಳಿ."

ತೆಗೆದುಕೊಂಡರು. ನಮ್ಮ ಪ್ರತಿಯ ಮೇಲೆ 'ಸ್ವೀಕರಿಸಲಾಗಿದೆ' ಎಂಬ ಮೊಹರು ಒತ್ತಿಸಿಕೊಟ್ಟರು. ನನಗೆ ತೊಂದರೆ ಏನೂ ಬರಲಿಲ್ಲ. ಉತ್ತರವೂ ಬರಲಿಲ್ಲ, ಇವತ್ತಿನವರೆಗೆ.

ಹೊರಗೆ ಬಂದಾಗ ಮಾಗಡಿ ರಸ್ತೆಯಲ್ಲಿ ಬಸ್ಸುಗಳು ಒಂದರ ಹಿಂದೊಂದು ನಿಂತಿದ್ದವು. ಅಕ್ಕ ಮೊಹರಿನ ಪ್ರತಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಶಾಯಿ ಒಣಗಿದೆಯೇ ಎಂದು ನೋಡಿ, ನಾಲ್ಕು ಮಡಿಕೆ ಮಾಡಿ ಕವರಿನೊಳಗೆ ಇಟ್ಟುಕೊಂಡರು. "ನನ್ ತಮ್ಮಂಗೆ ತೋರಿಸ್ತೀನಿ" ಎಂದರು.

"ಅಕ್ಕಾ, ಬಸ್ಸು ಬಂತು, ಬನ್ನಿ."

"ನೀನು ಹೋಗು. ನಾನು ನಡ್ಕೊಂಡು ಬರ್ತೀನಿ."

"ತುಂಬ ದೂರ ಅಕ್ಕಾ."

"ಹೋಗು ಅಂದೆನಲ್ಲ" ಎಂದರು. ನಾನು ಬಸ್ಸು ಹತ್ತಿದೆ.